ಕೆಂದ ಕೂತ ಜಾಗ

ಬಹಳ ಹಿಂದೆ, ಹಕ್ಕಿಗಳಿಗೂ ರಾಜರಿದ್ದ ಕಾಲದಲ್ಲಿ, ಕರಿಗಲ್ಲೂರು ಎಂಬ ರಾಜ್ಯವಿತ್ತು. ಅಲ್ಲಿನ ಬೆಟ್ಟದ ಮಾಯಾವಿ ಗೂಗೆಮಾರ ತನ್ನನ್ನು ನೋಡಿದವರ ದೃಷ್ಟಿ ಕಿತ್ತು ಗಡಿಗೆಯಲ್ಲಿ ತುಂಬಿಡುತ್ತಿದ್ದ. ನಾಯಿನರಿಗಳ ಕಣ್ಣು ಅವನಿಗೆ ಕಸ. ರಾಜನ ದಂಡು ಹೋಯಿತು, ತಡಕಾಡುತ್ತ ಬಂತು. ಮಹಾಶೂರ ರಾಜ ಅರಮನೆಯ ಬಾಗಿಲು ಹಾಕಿಕೊಂಡ. ಇನ್ನು ದೃಷ್ಟಿಗಳನ್ನು ಬಿಡಿಸಲು ಗಡಿಗೆ ಒಡೆಯುವುದಿದ್ದರೆ, ಕಳೆದುಕೊಳ್ಳಲು ಕಣ್ಣೇ ಉಳಿಯದವರು ಒಡೆಯಬೇಕು. ಹಾಗೆ ಹೋದವರೆಲ್ಲ ಪ್ರಪಾತಕ್ಕೆ ಬಿದ್ದರು.

ಕುಂಬಾರರ ಚೆನ್ನಾಜಿ ಮಣ್ಣು ತರಲು ಹೋಗಿ ಕಣ್ಣು ಕಳೆದುಕೊಂಡಾಗ ತುಂಬು ಬಸುರಿ. ಹೆತ್ತ ಮಗುವಿನ ಮುಖ ಅವಳ ಬೆರಳಿಗಷ್ಟೇ ಗೊತ್ತು. ಒಮ್ಮೆ ನೋಡಬೇಕೆಂದು ಜೀವ ಹಂಬಲಿಸುತ್ತಿತ್ತು.

ಅವಳು ಕುರುಡರಿಗೆ ದಾರಿ ತೋರಲು ನಾಯಿ ಪಳಗಿಸುವ ದೇವೀರಮ್ಮನ ಬಳಿ ಹೋದಳು. ಮುದುಕಿ ನಾಯಿಯ ಮೈಗೆ ಕಟ್ಟುವ ಮರದ ಹಿಡಿಯನ್ನು ಅವಳ ಕೈಗಿತ್ತು, ಇನ್ನೊಂದು ತುದಿ ತಾನೇ ಹಿಡಿದು, ನಾಯಿಯ ಜಾಗದಲ್ಲಿ ಕೇರಿಯೆಲ್ಲ ನಡೆದಳು.

"ನಿಂದು ದುಡುಕು ನಡಿಗೆ ಕಣವ್ವ. ನಿಂಗೆ ಹಟಮಾರಿ ಕೆಂದನೇ ಸರಿ."

"ಹೇಳಿದ್ದು ಕೇಳ್ತಾನಾ?"

"ಕೇಳೋದನ್ನ ಯಾವ ನಾಯಿನೂ ಕಲೀತದೆ. ಮುಂದೆ ಅಪಾಯ ಇದ್ರೆ ನಿನ್ ಮಾತು ಕೇಳಬಾರ್ದು ಅಂತ ಕಲ್ಸೋ ಹೊತ್ಗೆ ನಾನು ಹಣ್ಣಾಗೋದೆ."

ಚೆನ್ನಾಜಿ, ಕೆಂದ ಇಬ್ಬರೂ ಬೆಟ್ಟ ಹತ್ತಿದರು. ಗೂಗೆಮಾರ ಮೊದಲು ಮುಳ್ಳುಕಾಡು ಬೆಳೆಸಿದ. ಕೆಂದ ಅವಳ ಭುಜಕ್ಕೂ ಜಾಗ ನೋಡಿಕೊಂಡು ದಾಟಿಸಿದ. ಆಮೇಲೆ ದಾರಿ ತುಂಬ ಬಿಸಿ ಮಾಂಸ ಸುರಿದ; ಕೆಂದ ಜೊಲ್ಲು ಸುರಿಸುತ್ತಲೇ ದಾಟಿದ. ಮೂರನೆಯದಾಗಿ, ಎದುರಿನಿಂದ ಮಗುವಿನ ಅಳು ಕೇಳಿತು. ಅವಳದೇ ಮಗು.

"ನಡಿಯೋ!"

ಕೆಂದ ಅಡ್ಡ ಕೂತ. ಬೇಡಿದಳು, ಬೈದಳು, ಕೊನೆಗೆ ಹೊಡೆದಳು. ಅವನು ಕುಂಯ್‌ಗುಟ್ಟಿದನೇ ಹೊರತು ಏಳಲಿಲ್ಲ. ಮುದುಕಿಯ ಮಾತು ನೆನಪಾಗಿ ಅವಳು ಮುಂದಕ್ಕೊಂದು ಕಲ್ಲೆಸೆದಳು. ಅದು ಬಿದ್ದ ಸದ್ದೇ ಬರಲಿಲ್ಲ. ಅವನ ಕುತ್ತಿಗೆ ತಬ್ಬಿ ಅತ್ತಳು.

ಕೆಂದ ಪ್ರಪಾತ ಬಳಸಿ ಗವಿಗೆ ಕರೆದೊಯ್ದ. ತಡಕಿದ ಕೈಗೆ ಗಡಿಗೆ ಸಿಕ್ಕಿತು, ಎತ್ತಿ ಕುಕ್ಕಿದಳು. ದೃಷ್ಟಿಗಳೆಲ್ಲ ಮಿಣುಕುತ್ತ ಹಾರಿ ತಮ್ಮ ತಮ್ಮವರನ್ನು ಸೇರಿದವು. ಗೂಗೆಮಾರ ಬೂದಿಯಾದ. ಆದರೆ ಪಾಪಿ, ಹೋಗುವಾಗ ಆ ನಾಯಿಯ ಕಣ್ಣನ್ನೂ ಕಸಿದುಕೊಂಡೇ ಹೋದ. ಮರಳಿ ಪಡೆಯಲು ಗಡಿಗೆ ಉಳಿದಿರಲಿಲ್ಲ.

ಚೆನ್ನಾಜಿ ಮೊದಲು ಕಂಡದ್ದು ಕೆಂದನ ಮಂಜಾದ ಕಣ್ಣು.

ಇಳಿಯುವಾಗ ಊರಿನ ವಾಸನೆ ಹಿಡಿದ ಕೆಂದ ನೇರವಾಗಿ ಎಳೆದ. ಮುಂದೆ ಅದೇ ಪ್ರಪಾತ. ಚೆನ್ನಾಜಿ ಅಡ್ಡ ಕೂತಳು. ಅವನು ಜಗ್ಗಿದ, ಬೊಗಳಿದ, ಕೈಯನ್ನೂ ಕಚ್ಚಿದ. ಅವಳು ಏಳಲಿಲ್ಲ.

ಊರಿಗೆ ಬೆಳಕು ಬಂತು, ರಾಜ ಬಾಗಿಲು ತೆರೆದ, ತಾಯಿಯನ್ನು ಕಂಡು ಮಗು ನಕ್ಕಿತು. ಎಲ್ಲರೂ ಸುಖವಾಗಿದ್ದರು. ಕೆಂದನೂ ಸುಖವಾಗಿದ್ದ, ಮರದ ಹಿಡಿಯ ಇನ್ನೊಂದು ತುದಿಯಲ್ಲಿ ಚೆನ್ನಾಜಿ ಇದ್ದಾಗಲೆಲ್ಲ.