ಜೇನಿಗೆ ಒಂದು ಚಿಟಿಕೆ ಕಾಳುಮೆಣಸು

ಹಿಂಬಾಗಿಲಲ್ಲಿ ಎರಡು ಸಲ ಸದ್ದಾಯಿತು. ಎರಡೇ ಸಲ.

ಅವಳ ಕೈಯಲ್ಲಿದ್ದ ಜೇನಿನ ಚಮಚ ಗಾಳಿಯಲ್ಲೇ ನಿಂತಿತು.

ಎಂಟು ತಿಂಗಳಿಂದ ಆ ಬಾಗಿಲು ಬಡಿಯುತ್ತಿದ್ದವರು ಚೀಸ್ ಮಾಡಿ ತಂದುಕೊಡುತ್ತಿದ್ದವನ ಸೋದರಮಾವ. ಅವರು ಬಡಿದರೆ ಕಪಾಟಿನ ತಟ್ಟೆಗಳೆಲ್ಲ ನಡುಗುತ್ತಿದ್ದವು. ಹೀಗೆ ಬೆರಳ ಗೆಣ್ಣಿನಿಂದ, ತೊಂದರೆ ಕೊಟ್ಟೆನೇನೋ ಎಂಬಂತೆ ಎರಡೇ ಸಲ ತಟ್ಟುವವನು ಒಬ್ಬನೇ...

'ಅವನಲ್ಲ. ಅವನೇಕೆ ಬರುತ್ತಾನೆ?' ಎಂದುಕೊಳ್ಳುತ್ತಲೇ ಬಾಗಿಲು ತೆರೆದಳು.

ಅವನೇ.

ಸ್ವಲ್ಪ ಇಳಿದುಹೋಗಿದ್ದ. ತೋಳಿನ ಮೇಲೆ ಚೀಸಿನ ಮರದ ಪೆಟ್ಟಿಗೆ. ಕಣ್ಣು ಪೆಟ್ಟಿಗೆಯ ಮೇಲೆಯೇ, ಅವಳ ಮೇಲಲ್ಲ.

"ಮಾವ ಕಾಲು ಮುರ್ಕೊಂಡಿದ್ದಾರೆ. ಅದಕ್ಕೆ ನಾನೇ ಬಂದೆ," ಎಂದ.

"ಅಯ್ಯೋ... ಹೇಗಾಯ್ತು?"

"ಮೆಟ್ಟಿಲಲ್ಲಿ ಜಾರಿದ್ರು."

ಅಷ್ಟೇ. ಹೇಗಿದ್ದೀರಿ ಎಂಬ ಒಂದು ಮಾತೂ ಇಲ್ಲ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಒಳಗೆ ಕಾಗದ ಸುತ್ತಿದ ಅಂಗೈಯಗಲದ ಮೆದು ಚೀಸಿನ ಬಿಲ್ಲೆಗಳು ಸಾಲಾಗಿ ಮಲಗಿದ್ದವು. ಅಭ್ಯಾಸಬಲದಿಂದ ಅವಳು ಒಂದನ್ನು ಎತ್ತಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು.

"ಈಗ ಒಳಗೆ ಏನೂ ಹಾಕಲ್ಲ," ಎಂದ ಅವನು. "ಹೆದರಬೇಡಿ."

ಒಳಗೆ? ಒಳಗೆ ಏನು?

ಕೇಳುವಷ್ಟರಲ್ಲಿ ಅವನು ಮುಂದಿನ ಮಾತು ಆಡಿಬಿಟ್ಟಿದ್ದ. "ಶುಕ್ರವಾರ ಇನ್ನೊಂದ್ಸಲ ತರ್ತೀನಿ. ಅದೇ ಕೊನೆ. ಮಾವ ಇನ್ನು ಗಾಡಿ ಓಡಿಸೋ ಹಾಗಿಲ್ಲ. ಬಿಲ್ಲೆ ಮಾಡೋದು ನಿಲ್ಲಿಸಿ, ದೊಡ್ಡ ಗಟ್ಟಿ ಚೀಸ್ ಮಾಡ್ತೀವಿ. ವರ್ಷಕ್ಕೆ ಎರಡು ಸಲ ತಲುಪಿಸಿದ್ರೆ ಸಾಕು."

"ನೀವೇ ತರಬಹುದಲ್ಲ..." ಮಾತು ಬಾಯಿಂದ ಜಾರಿತ್ತು.

ಅವನು ಮೊದಲ ಸಲ ತಲೆಯೆತ್ತಿ ನೋಡಿದ. ಆ ನೋಟದಲ್ಲಿ ಕೋಪವಿರಲಿಲ್ಲ. ಕೋಪವಾದರೂ ಇದ್ದಿದ್ದರೆ ಅವಳಿಗೆ ಉತ್ತರಿಸಲು ಸುಲಭವಾಗುತ್ತಿತ್ತು.

"ಬರ್ತೀನಿ," ಎಂದು ಹೊರಟೇಬಿಟ್ಟ.

ಅವಳು ತಿರುಗಿ ನೋಡಿದರೆ ಒಲೆಯ ಮೇಲೆ ಚಹಾದ ನೀರು ಕುದಿಯುತ್ತಿತ್ತು. ಯಾವಾಗ ಇಟ್ಟಳೋ ಅವಳಿಗೇ ಗೊತ್ತಿರಲಿಲ್ಲ. ಎರಡು ಲೋಟದಷ್ಟು ನೀರು.

*

ಅದು ಅವಳ ಚಿಕ್ಕಮ್ಮನ ಪುಟ್ಟ ಹೋಟೆಲು. ಒಂಬತ್ತು ಮೇಜು, ಒಂದು ಓವನ್. ಆ ಓವನ್ನಿನ ಒಡತಿ ಅವಳು. ಸದಾ ಓವನ್ ಮೇಲಿನ ಗಡಿಯಾರವನ್ನೇ ದಿಟ್ಟಿಸುತ್ತಾಳೆಂದು ಚಿಕ್ಕಮ್ಮ ಅವಳಿಗೆ 'ಗಡಿಯಾರ' ಎಂದೇ ಹೆಸರಿಟ್ಟಿದ್ದರು.

ಊಟಕ್ಕೆ ಮೊದಲು ಎಲ್ಲರೂ ಕೇಳುವ ತಿನಿಸು ಒಂದೇ: ಬೇಯಿಸಿದ ಚೀಸ್. ನೋಡಲು ಸುಲಭ. ಬಿಲ್ಲೆಯ ಕಾಗದ ಬಿಚ್ಚಿ, ಮಣ್ಣಿನ ತಟ್ಟೆಯಲ್ಲಿಟ್ಟು ಓವನ್ನಿಗೆ ತಳ್ಳಬೇಕು. ಹನ್ನೆರಡು ನಿಮಿಷ. ಹನ್ನೊಂದಕ್ಕೆ ತೆಗೆದರೆ ನಡುಭಾಗ ಗಟ್ಟಿ. ಹದಿಮೂರಾದರೆ ಬಿಳಿ ಸಿಪ್ಪೆ ಬಿರಿದು ಒಳಗಿದ್ದದ್ದೆಲ್ಲ ಹೊರಗೆ. ತೆಗೆದ ಕೂಡಲೇ ಮೇಲೆ ಅರ್ಧಕ್ಕೆ ಜೇನು, ಒಣ ಅಂಜೂರ, ಹುರಿದ ಅಕ್ರೋಟು. ಇನ್ನರ್ಧಕ್ಕೆ ಸುಟ್ಟ ಬೆಳ್ಳುಳ್ಳಿ, ಆಲಿವ್, ಒಣಗಿಸಿದ ಟೊಮೆಟೊ. ಪಕ್ಕದಲ್ಲಿ ಗರಿಗರಿ ಟೋಸ್ಟ್.

ಬಿಲ್ಲೆ ಇಡಿಯಾಗಿಯೇ ಮೇಜಿಗೆ ಹೋಗಬೇಕು. ಚಮಚ ಇಟ್ಟು ಒಡೆಯುವುದು ಗಿರಾಕಿಯ ಹಕ್ಕು. ಹಾಗಾಗಿ ಬೇಯಿಸಿದವಳು ರುಚಿ ನೋಡುವಂತಿಲ್ಲ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವ ಅವಳಂಥವಳಿಗೆ ಇದೊಂದು ದಿನನಿತ್ಯದ ಶಿಕ್ಷೆ. ಪ್ರತಿ ತಟ್ಟೆ ಹೋದಾಗಲೂ ಬಾಗಿಲ ಸಂದಿಯಿಂದ ಗಿರಾಕಿಯ ಮುಖ ನೋಡುತ್ತಿದ್ದಳು.

ಅವನು ಬರುತ್ತಿದ್ದ ದಿನಗಳಲ್ಲಿ ಮಾತ್ರ ಆ ಆತಂಕ ಸ್ವಲ್ಪ ಕಡಿಮೆ. ಮಂಗಳವಾರ, ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ. ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತ, ಯಾವ ಬಿಲ್ಲೆ ಇವತ್ತಿಗೆ, ಯಾವುದು ನಾಳಿದ್ದಿಗೆ ಎಂದು ತನ್ನ ಮಕ್ಕಳ ವಿಷಯ ಹೇಳುವಂತೆ ಹೇಳುತ್ತಿದ್ದ. ಹಾಗೊಂದು ದಿನ ಅವಳೂ ಯಾರಿಗೂ ಹೇಳದ ಒಂದು ಮಾತು ಹೇಳಿಬಿಟ್ಟಿದ್ದಳು.

"ನನಗೆ ಇಷ್ಟವಾದದ್ದನ್ನ ನಾನು ಯಾರಿಗೂ ಬಡಿಸಲ್ಲ ಗೊತ್ತಾ? ಜೇನಿಗೆ ಕಾಳುಮೆಣಸು."

"ಅದು ಕೆಮ್ಮಿನ ಔಷಧಿ ಅಲ್ವಾ?"

"ಅದೇ. ಅಮ್ಮ ಕೊಡ್ತಿದ್ರು. ರುಚಿ ಹತ್ತಿದ ಮೇಲೆ ಕೆಮ್ಮು ಬರದೇ ಇದ್ರೂ ಕೆಮ್ಮುತ್ತಿದ್ದೆ. ಬಾಯಿ ಬಿಟ್ಟು ಕೇಳೋಕೆ ನಾಚಿಕೆ."

"ಎಷ್ಟು ವರ್ಷ ನಡೀತು ಈ ನಾಟಕ?"

"ಅಮ್ಮ ಇರೋವರೆಗೂ."

ಅವನು ನಗಲಿಲ್ಲ. ಲೋಟ ತೊಳೆದಿಟ್ಟು ಹೋಗಿದ್ದ.

ಅದಾದ ಒಂದು ತಿಂಗಳಿಗೆ, ನೀಲಿ ದಾರ ಕಟ್ಟಿದ ಒಂದೇ ಒಂದು ಬಿಲ್ಲೆಯನ್ನು ಬೇರೆಯಾಗಿ ಅವಳ ಕೈಗಿಟ್ಟು, "ಇದನ್ನ ನೀವೇ ನೋಡಿ," ಎಂದ. ಕಿವಿ ಕೆಂಪಾಗಿತ್ತು. ನಿಲ್ಲದೆ ಓಡಿದ.

ಅವಳು ನೋಡಿದಳು, ಅವಳು ನೋಡುವ ಹಾಗೆ. ಹೆಬ್ಬೆರಳಿನಿಂದ ಒತ್ತಿದಳು. ಚೆನ್ನಾಗಿ ಹಣ್ಣಾಗಿತ್ತು, ಅವತ್ತೇ ಬೇಯಿಸಬೇಕು ಎನಿಸಿತು. ಮಧ್ಯಾಹ್ನದ ಗದ್ದಲದಲ್ಲಿ ಅದು ಓವನ್ನಿಗೆ ಹೋಗಿ, ಬೆಳ್ಳುಳ್ಳಿ ಆಲಿವ್ ಹೊತ್ತು ನಾಲ್ಕನೇ ಮೇಜಿಗೆ ಹೋಯಿತು. ಐದೇ ನಿಮಿಷಕ್ಕೆ ದೂರು ಬಂತು: ಒಳಗೆ ಏನೋ ಸೇರಿದೆ, ಕೆಟ್ಟಿರಬೇಕು.

ಗಾಬರಿಯಲ್ಲಿ ಅವಳು ಖಾಲಿ ಪೆಟ್ಟಿಗೆಯ ಜೊತೆ ಒಂದು ಚೀಟಿ ಬರೆದು ಕಳಿಸಿದಳು: "ಇಂಥದ್ದು ಇನ್ನು ಮುಂದೆ ಕಳಿಸಬೇಡಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಮಂಗಳವಾರ ಬಾಗಿಲು ಬಡಿದವರು ಮಾವ.

ಎಂಟು ತಿಂಗಳು... ಒಂದು ದೂರಿಗೆ ಇಷ್ಟು ಮುನಿಸೇ? ಅವನಿಗೆ ಚೀಸು ಅಷ್ಟು ದೊಡ್ಡದೇ, ತಾನು ಅಷ್ಟು ಚಿಕ್ಕವಳೇ? ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ, ಹತ್ತು ಗಂಟೆಗೆ ಅವಳು ಅದೇ ಪ್ರಶ್ನೆಯನ್ನು ಓವನ್ನಿನ ಗಾಜಿಗೆ ಕೇಳಿದ್ದಳು. ಗಾಜಿನಲ್ಲಿ ಕಾಣುತ್ತಿದ್ದುದು ಅವಳದೇ ಮುಖ.

*

"ಚಿಕ್ಕಮ್ಮಾ," ಅಂದಳು ಈಗ. ಚಿಕ್ಕಮ್ಮ ಮೇಜಿನ ಬಟ್ಟೆಗಳನ್ನು ಮಡಚುತ್ತಿದ್ದರು. "ನಾಲ್ಕನೇ ಮೇಜಿಂದ ವಾಪಸ್ ಬಂತಲ್ಲ ಒಂದು ಬಿಲ್ಲೆ, ನೆನಪಿದೆಯಾ? ಅದರೊಳಗೆ ಏನಿತ್ತು?"

"ಯಾವುದು, ನೀನು ಅಳೋ ಹಾಗೆ ಮುಖ ಮಾಡ್ಕೊಂಡಿದ್ದೆಯಲ್ಲ, ಅದಾ? ಜೇನು ಕಣೇ. ಜೇನು, ಕಾಳುಮೆಣಸು."

"ನಿಮಗೆ... ಹೇಗೆ ಗೊತ್ತು?"

"ತಿಂದೆನಲ್ಲ! ಗಿರಾಕಿ ಎರಡು ಚಮಚ ತಿಂದು ಬಿಟ್ಟಿದ್ದ. ಬಿಸಾಡೋಕೆ ಮನಸ್ಸು ಬರಲಿಲ್ಲ. ಕೆಟ್ಟಿರಲಿಲ್ಲಪ್ಪ, ಚೆನ್ನಾಗೇ ಇತ್ತು. ಮೇಲಿನ ಬೆಳ್ಳುಳ್ಳಿ ಮಾತ್ರ ಸರಿಹೋಗಲಿಲ್ಲ."

"ಎಂಟು ತಿಂಗಳು ಹೇಳಲೇ ಇಲ್ವಲ್ಲ ನೀವು..."

"ನೀನು ಕೇಳಲೇ ಇಲ್ವಲ್ಲ ಮಗಳೇ."

ಅವಳು ಅಲ್ಲೇ ಹಿಟ್ಟಿನ ಡಬ್ಬದ ಮೇಲೆ ಕೂತಳು.

ಈಗ ಎಲ್ಲವೂ ಕಾಣುತ್ತಿತ್ತು. ಚೀಸ್ ಮಾಡುವವರು ಹೊಸ ಬಿಲ್ಲೆ ಕೈಗೆ ಬಂದರೆ ಮೊದಲು ಕತ್ತರಿಸಿ ಒಳಗೆ ನೋಡುತ್ತಾರೆ. ಅವನಿಗೆ ಅದು ಉಸಿರಾಡಿದಷ್ಟು ಸಹಜ. ಬೇರೆಯವರು ಬೇರೆ ಥರ ಮಾಡಬಹುದೆಂಬ ಯೋಚನೆಯೂ ಅವನಿಗೆ ಬಂದಿರಲಾರದು. ಅವಳ ಅಡುಗೆಮನೆಯಲ್ಲಿ ಬಿಲ್ಲೆಗೆ ಚಾಕು ತಾಗಿಸುವುದೇ ಪಾಪ; ಸೀಳಿದ್ದು ಓವನ್ನಿನಲ್ಲಿ ಸೋರುತ್ತದೆ.

ಅವಳಮ್ಮನ ನಂತರ ಯಾರೂ ಕೊಡದಿದ್ದದ್ದನ್ನು ಅವನು ಬಿಲ್ಲೆಯ ಎರಡು ಪದರಗಳ ನಡುವೆ ಇಟ್ಟು ಕೊಟ್ಟಿದ್ದ. ಅವಳು ಅದನ್ನು ಕರಗಿಸಿ, ಮೇಲೆ ಬೆಳ್ಳುಳ್ಳಿ ಉದುರಿಸಿ, ಯಾರೋ ಅಪರಿಚಿತನಿಗೆ ಬಡಿಸಿದ್ದಳು. ಆಮೇಲೆ ಚೀಟಿ ಬರೆದಿದ್ದಳು. ಇಂಥದ್ದು ಇನ್ನು ಮುಂದೆ ಕಳಿಸಬೇಡಿ...

"ಏನಾಯ್ತೇ ಗಡಿಯಾರ, ನಿಂತುಹೋದೆ?" ಚಿಕ್ಕಮ್ಮ ಹತ್ತಿರ ಬಂದರು.

ಅವಳು ಎಲ್ಲವನ್ನೂ ಹೇಳಿದಳು.

"ಬಿಸಿ ತುಪ್ಪ ಬಾಯಲ್ಲಿ ಇಟ್ಕೊಂಡಿರೋಳ ಥರ ಇದ್ದೆಯಲ್ಲೇ ಇಷ್ಟು ದಿನ. ಉಗುಳಲಿಲ್ಲ, ನುಂಗಲಿಲ್ಲ. ಅವನೋ ನಿನ್ನನ್ನೂ ಮೀರಿಸಿದವನು! ಬಾಯಿ ಇರೋದು ಚೀಸು ಚಪ್ಪರಿಸೋಕೆ ಮಾತ್ರ ಅಂದ್ಕೊಂಡಿದ್ದಾನೆ." ಮತ್ತೆ ಅವಳ ತಲೆ ಸವರಿದರು. "ಶುಕ್ರವಾರ ಬರ್ತಾನಲ್ಲ. ಮಾತಾಡು."

"ನನಗೆ ಮಾತು ಬರಲ್ಲ ಚಿಕ್ಕಮ್ಮಾ."

"ಬರೋದನ್ನ ಮಾಡು ಹಾಗಾದ್ರೆ."

*

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಅವಳು ಒಂದು ಬಿಲ್ಲೆಯನ್ನು ಹಲಗೆಯ ಮೇಲಿಟ್ಟಳು. ಈ ಅಡುಗೆಮನೆಯ ಏಳು ವರ್ಷದಲ್ಲಿ ಮೊದಲ ಬಾರಿಗೆ ಅದರ ನಡುವಿಗೆ ದಾರ ಸುತ್ತಿ ಎಳೆದಳು. ಬಿಲ್ಲೆ ಎರಡು ಪದರವಾಗಿ ಬಿಡಿಸಿಕೊಂಡಿತು. ಕೆಳಗಿನದರ ಮೇಲೆ ಜೇನು ಹರಡಿದಳು. ಆಗಷ್ಟೇ ಕುಟ್ಟಿದ ಕಾಳುಮೆಣಸನ್ನು ಚಿಟಿಕೆಯಲ್ಲಿ ಹಿಡಿದು ಉದುರಿಸಿದಳು. ಮೇಲಿನ ಪದರವನ್ನು ಮುಚ್ಚಿದಳು.

'ಬಾರದೇ ಹೋದರೆ? ಬೇರೆ ಯಾರನ್ನಾದರೂ ಕಳಿಸಿದರೆ?'

ಎರಡು ಸಲ. ಎರಡೇ ಸಲ.

ಬಾಗಿಲು ತೆರೆಯುವ ಮೊದಲು ತಟ್ಟೆಯನ್ನು ಓವನ್ನಿಗೆ ತಳ್ಳಿದಳು.

ಅವನು ಪೆಟ್ಟಿಗೆ ಇಳಿಸಿದ. "ಇಷ್ಟೇ," ಎಂದ. "ಹಾಗಾದ್ರೆ..."

"ಹನ್ನೆರಡು ನಿಮಿಷ ಇರ್ತೀರಾ?"

"ಗಾಡಿ ರಸ್ತೆ ಮೇಲೆ ನಿಲ್ಲಿಸಿ ಬಂದಿದ್ದೀನಿ."

"ಗಾಡಿಗೇನು ಕಾಲು ಬರಲ್ಲ, ಕೂತ್ಕೊಳಪ್ಪ," ಒಳಗಿನಿಂದ ಚಿಕ್ಕಮ್ಮನ ದನಿ ಬಂತು. "ನಿಮ್ಮ ಮಾವನ್ನ ನೋಡ್ಕೊಂಡು ಬರೋಕೆ ನಾನು ಹೊರಟೆ. ಬೀದಿ ಬಾಗಿಲು ಎಳ್ಕೊಂಡು ಹೋಗ್ತೀನಿ."

ಬಾಗಿಲು ಎಳೆದುಕೊಂಡ ಸದ್ದು ಬೇಕೆಂದೇ ದೊಡ್ಡದಾಗಿತ್ತು.

ಅವಳು ಅವನನ್ನು ಕರೆದುಕೊಂಡು ಹೋಗಿ ನಾಲ್ಕನೇ ಮೇಜಿಗೆ ಕೂರಿಸಿದಳು. ಅವನು ಗಿರಾಕಿಯ ಕುರ್ಚಿಯಲ್ಲಿ ಎಂದೂ ಕೂತವನಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡ.

ಆ ಹನ್ನೆರಡು ನಿಮಿಷ ಅವಳು ಗಡಿಯಾರ ನೋಡಲಿಲ್ಲ. ಅಡುಗೆಮನೆಯ ಬಾಗಿಲ ಸಂದಿಯಿಂದ ಅವನನ್ನು ನೋಡಿದಳು. ಕತ್ತಿನ ಹಿಂದೆ ಕೂದಲು ಬೆಳೆದಿತ್ತು. ಅಂಗಿಯ ಒಂದು ತೋಳು ಮಡಚಿದ್ದ, ಇನ್ನೊಂದು ಮರೆತಿದ್ದ. ಎಂಟು ತಿಂಗಳು ಇದನ್ನೆಲ್ಲ ಯಾರು ನೋಡಿರಬಹುದು...

ವಾಸನೆ ಬಂದಾಗಲೇ ಅವಳಿಗೆ ಎಚ್ಚರ.

ಬಿಲ್ಲೆ ಒಂದು ಬದಿಯಲ್ಲಿ ಸೋರಿತ್ತು. ಅವಳು ಮೇಲೆ ಅರ್ಧಕ್ಕೆ ಅಂಜೂರ, ಅಕ್ರೋಟು ಇಟ್ಟಳು. ಇನ್ನರ್ಧಕ್ಕೆ ಬೆಳ್ಳುಳ್ಳಿಯ ಬಟ್ಟಲಿಗೆ ಹೋದ ಕೈ ಹಿಂದೆ ಬಂತು. ಚಿಕ್ಕಮ್ಮ ಹೇಳಿದ್ದು ನೆನಪಾಗಿ, ಆಲಿವ್ ಮಾತ್ರ ಸಾಕೆಂದುಕೊಂಡಳು.

ತಟ್ಟೆಯನ್ನು ಅವನ ಮುಂದಿಟ್ಟಳು. ಒಂದು ಚಮಚ. ಟೋಸ್ಟ್.

"ಸೋರಿದೆ," ಎಂದ ಅವನು. ಕಸುಬಿನವನ ಕಣ್ಣು. "ಯಾರೋ ಕತ್ತರಿಸಿದ್ದಾರೆ ಇದನ್ನ."

"ಹೌದು. ನೋಡಿ."

ಅವನು ಚಮಚದಿಂದ ಸಿಪ್ಪೆ ಒಡೆದ. ಬಿಳಿ ಚೀಸು ನಿಧಾನಕ್ಕೆ ಹರಿಯಿತು. ಅದರ ಹಿಂದೆಯೇ ಹೊಂಬಣ್ಣದ ಒಂದು ಗೆರೆ, ಅದರಲ್ಲಿ ಕಪ್ಪು ಚುಕ್ಕೆಗಳು. ಅವನ ಕೈ ನಿಂತಿತು.

"ನಾನು ಬೇಯಿಸಿಬಿಟ್ಟೆ," ಎಂದಳು. "ನಿಮ್ಮದನ್ನ... ಕತ್ತರಿಸಿ ನೋಡಬೇಕು ಅಂತ ನನಗೆ ಹೊಳೀಲೇ ಇಲ್ಲ. ಬೇಯಿಸಿ, ಈ ಮೇಜಲ್ಲಿ ಕೂತಿದ್ದ ಯಾರಿಗೋ ಕೊಟ್ಟೆ. ಅವರು ಕೆಟ್ಟಿದೆ ಅಂದ್ರು. ಚೀಟಿ ಬರೆದದ್ದು ಅದಕ್ಕೆ. ಒಳಗೆ ಏನಿತ್ತು ಅಂತ ನನಗೆ ಗೊತ್ತಾಗಿದ್ದು ಮಂಗಳವಾರ."

"ಈ ಮಂಗಳವಾರ?"

"ಈ ಮಂಗಳವಾರ."

ಅವನು ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ.

"ನಾನು ಆ ಚೀಟಿನ ನಿಮ್ಮ ಉತ್ತರ ಅಂದ್ಕೊಂಡೆ," ಎಂದ. "ಎಷ್ಟು ಮರ್ಯಾದೆಯಿಂದ ಬೇಡ ಅಂದಿದ್ದಾರೆ ಅಂದ್ಕೊಂಡೆ. ಮತ್ತೆ ಈ ಬಾಗಿಲು ತಟ್ಟೋಕೆ ಮುಖ ಇರಲಿಲ್ಲ."

"ನಾನು ನಿಮಗೆ ಸಿಟ್ಟು ಬಂದಿದೆ ಅಂದ್ಕೊಂಡೆ. ದಿನಾ ಅಂದ್ಕೊಂಡೆ."

"ಓವನ್ನಿಗೆ ಹಾಕ್ತೀರಾ ಅಂತ ನನಗಾದ್ರೂ ಹೊಳೀಬೇಕಿತ್ತು. ನೀವು ಇಲ್ಲಿ ಮಾಡೋದೇ ಅದು."

"ಇದು ಉತ್ತರ," ಎಂದು ಅವಳು ತಟ್ಟೆ ತೋರಿಸಿದಳು. ಎಷ್ಟೋ ಅಳೆದು ತೂಗಿ ಇಟ್ಟುಕೊಂಡಿದ್ದ ಮಾತುಗಳೆಲ್ಲ ಎಲ್ಲಿಗೋ ಹೋಗಿದ್ದವು. "ಸೋರಿದೆ. ಆದ್ರೂ ಇದೇ ಉತ್ತರ. ನೀವು ಬರದೇ ಇದ್ದ ಒಂದು ದಿನವೂ ನನಗೆ ಚೆನ್ನಾಗಿರಲಿಲ್ಲ."

ಅವನು ಚಮಚ ಬಾಯಿಗಿಟ್ಟ. ಕಣ್ಣು ಮುಚ್ಚಿದ. ಅವಳು ಆ ಮುಖವನ್ನೇ ನೋಡಿದಳು, ಈ ಸಲ ಬಾಗಿಲ ಸಂದಿಯಿಂದಲ್ಲ.

"ಹೇಗಿದೆ?"

"ನೀವು ನೋಡಿಲ್ವಾ?"

"ಬೇಯಿಸಿದವಳು ರುಚಿ ನೋಡೋ ಹಾಗಿಲ್ಲ."

"ಯಾರು ಮಾಡಿದ್ದು ಈ ನಿಯಮ?"

"ಗೊತ್ತಿಲ್ಲ." ಎದುರಿನ ಕುರ್ಚಿ ಎಳೆದು ಕೂತಳು. ಆಮೇಲೆ ಭಯಪಡುತ್ತಲೇ ಕೇಳಿದಳು. "ಇವತ್ತೇ ಕೊನೆ ಅಂದ್ರಲ್ಲ?"

"ಕಾಲು ಮುರಿದಿರೋದು ಮಾವನಿಗೆ. ನನಗಲ್ಲ." ಅವನು ತಟ್ಟೆಯನ್ನು ಮೇಜಿನ ನಡುವಿಗೆ ಸರಿಸಿದ. "ಮಂಗಳವಾರ ಹತ್ತಕ್ಕೆ ಬರ್ತೀನಿ. ಚಹಾ ಇರುತ್ತೆ ತಾನೆ?"

"ಇರುತ್ತೆ," ಎಂದಳು. ಅವನ ಕೈಯಲ್ಲಿದ್ದ ಚಮಚದಿಂದ ಜೇನು ಎಳೆಯೆಳೆಯಾಗಿ ಇಳಿಯುತ್ತಿತ್ತು. ಅದನ್ನೇ ನೋಡುತ್ತ ಅವಳು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಸಣ್ಣಗೆ ಕೆಮ್ಮಿದಳು.

ಅವನು ಚಮಚ ತುಂಬಿಸಿದ. ಊದಿ ಆರಿಸಿದ. ಅವಳ ತುಟಿಯ ಹತ್ತಿರ ತಂದು ನಿಲ್ಲಿಸಿದ.

"ಕೆಮ್ಮಾ?"

"ಇಲ್ಲ," ಎಂದಳು, ಕಣ್ಣಲ್ಲಿ ನೀರಿಟ್ಟುಕೊಂಡೇ ನಗುತ್ತ. "ಕೊಡು."