ಭಾರತಿಯ ಎಂಟು ಪ್ಯಾಡುಗಳು

"ಶಕೀಲ್ ಮಾಮಾ, ಇನ್ನೆರಡು ಹಲಗಿ ಎಲ್ಲಿಟ್ಟೀರಿ? ಸುಮ್ನ ಕೊಟ್ಟುಬಿಡ್ರಿ!"

ಭಾರತಿ ಸ್ಟೀಲ್ ಸ್ಕೇಲ್ ಹಿಡಿದ ಕೈಯನ್ನು ಸೊಂಟದ ಮೇಲಿಟ್ಟು ನಿಂತಿದ್ದಳು. ವಳಕಮದಿನ್ನಿಗೆ ಶಕೀಲ್ ಮಾಮಾನ ಸಾಮಿಲ್ ಬಂದಿತ್ತು. ಟ್ರ್ಯಾಕ್ಟರ್ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವ, ಕಟ್ಟಿಗೆ ಕೊಯ್ಯುವ ಮಷೀನ್ ಅದು. ದಪ್ಪ ಹಲಗೆ ಇಟ್ಟರೆ ತೆಳ್ಳಗೆ ಸೀಳಿ ಕೊಡುತ್ತದೆ.

ಅಜ್ಜಿ ಸೂಗಮ್ಮನ ಕೈಕಾಲು ಹಿಡಿದು ಭಾರತಿ ಎರಡು ಇಂಚು ದಪ್ಪದ ಬೇವಿನ ಹಲಗೆಯೊಂದನ್ನು ಗಿಟ್ಟಿಸಿದ್ದಳು. ಪಾವ್ ಇಂಚಿನ ಪರೀಕ್ಷೆ ಪ್ಯಾಡ್ ಮಾಡಿಸಬೇಕು. ಇಂಚಿಗೆ ನಾಲ್ಕು, ಎರಡಿಂಚಿಗೆ ಎಂಟು! ಐದನೇ ಕ್ಲಾಸಿನಲ್ಲಿ ಲೆಕ್ಕ ಅಂದರೆ ಭಾರತಿ, ಭಾರತಿ ಅಂದರೆ ಲೆಕ್ಕ. ತನಗೊಂದು, ಏಳು ಗೆಳೆಯರಿಗೆ ಏಳು ಎಂದು ಮಾತು ಕೊಟ್ಟಾಗಿತ್ತು. ಅಷ್ಟೇ ಅಲ್ಲ, ಕಿಲಾಡಿ ಹುಡುಗಿ ಅಡ್ವಾನ್ಸ್ ಕೂಡ ತಿಂದು ಮುಗಿಸಿದ್ದಳು. ಅಂಜಲಿಯ ಶೇಂಗಾ ಹೋಳಿಗೆ, ಅನಿಲಕುಮಾರನ ಸೆಂಟ್ ರಬ್ಬರ್, ಗದ್ದೆಪ್ಪನ ಸೈಕಲ್ ಮೇಲೆ ಒಂದು ವಾರ ಸವಾರಿ!

ಈಗ ನೋಡಿದರೆ ಆರೇ ಹಲಗೆ.

"ಬಂದದ್ದೇ ಆರವ್ವಾ. ಬೇಕಾದ್ರ ಹುಡುಕು," ಎಂದು ಶಕೀಲ್ ಮಾಮಾ ನಗುತ್ತ ಪೊಲೀಸರಿಗೆ ಸಿಕ್ಕವನಂತೆ ಎರಡೂ ಕೈ ಮೇಲೆತ್ತಿದ.

ಭಾರತಿ ಬಿಡುವಳೇ? ತಾಡಪತ್ರಿ ಎತ್ತಿದಳು. ಟ್ರ್ಯಾಕ್ಟರ್ ಸೀಟಿನ ಕೆಳಗೆ ಇಣುಕಿದಳು. ಮಾಮಾನ ಟಿಫಿನ್ ಡಬ್ಬಿಯನ್ನೂ ತೆರೆದಳು. ಒಳಗೆ ಪುಂಡಿಪಲ್ಯ ಇತ್ತು.

"ಡಬ್ಬ್ಯಾಗ ಪ್ಯಾಡ್ ಹಿಡಸ್ತೈತೇನಬೇ?" ಗೆಳೆಯರ ಜೊತೆ ಪ್ಯಾಡಿಗಾಗಿ ಕಾಯುತ್ತಿದ್ದ ಗದ್ದೆಪ್ಪ ಬಿದ್ದು ಬಿದ್ದು ನಕ್ಕ.

"ಮತ್ತೆಲ್ಲಿ ಹೋದುವು? ಮಾಮಾನೇ ಕದ್ದಾನ!" ಎಂದಳು ಭಾರತಿ.

ಗದ್ದೆಪ್ಪನಿಗೆ ಅಷ್ಟೇ ಸಾಕಾಯಿತು. ಅವನ ಗಂಟಲೋ, ಇಡೀ ಊರಿಗೆ ಒಂದೇ ಮೈಕ್! "ಕಳ್ಳ ಸಾಮಿಲ್! ಕಳ್ಳ ಸಾಮಿಲ್!" ಎಂದು ಕೂಗುತ್ತ ಓಣಿಯ ತುದಿವರೆಗೂ ಓಡಿಬಂದ. ಮನೆಮನೆಯಿಂದ ಜನ ಹೊರಗೆ ಬಂದರು. ತನ್ನ ಸರದಿಗಾಗಿ ಕಾಯುತ್ತಿದ್ದ ಖಾಸಿಂಬೀ ಇಳಿಸಿದ್ದ ಹಲಗೆಯನ್ನು ಮತ್ತೆ ತಳ್ಳುಬಂಡಿಗೆ ಏರಿಸಿದಳು.

"ನಮ್ದು ಕೊಡಂಗಿಲ್ಲಪ್ಪ. ಸಿಂಧನೂರಿಗೇ ಒಯ್ತೀನಿ."

ಶಕೀಲ್ ಮಾಮಾನ ನಗು ಹಾರಿಹೋಯಿತು. ಅರ್ಧ ಸೀಳಿ ನಿಲ್ಲಿಸಿದ್ದ ಬೇರೊಂದು ಹಲಗೆಯನ್ನು ಅವನು ಭಾರತಿಗೆ ತೋರಿಸಿದ. "ಈ ಸೀಳಿನ್ಯಾಗ ನಿನ್ನ ಸ್ಕೇಲ್ ಇಳಿಸಿ ನೋಡು."

ಸ್ಟೀಲ್ ಸ್ಕೇಲ್ ಸಲೀಸಾಗಿ ಒಳಗೆ ಹೋಯಿತು. ಹೋಗಿ ಅಲ್ಲಾಡತೊಡಗಿತು.

"ಅಲ್ಲಿದ್ದ ಕಟ್ಟಿಗಿ ಎಲ್ಲಿ ಹೋತು?" ಎಂದು ಮಾಮಾ ಕೇಳಿದ.

ಭಾರತಿ ಕೆಳಗೆ ನೋಡಿದಳು. ಮಷೀನಿನ ಅಡಿಯಲ್ಲಿ, ಅವಳ ಚಪ್ಪಲಿಯ ಮೇಲೆ, ಲಂಗದ ಅಂಚಿನಲ್ಲಿ, ಎಲ್ಲಿ ನೋಡಿದರೂ ಕಟ್ಟಿಗೆಯ ಹೊಟ್ಟು. ಒಂದೊಂದು ಸಲ ಸೀಳುವಾಗಲೂ ಗರಗಸ ಒಂದಿಷ್ಟು ಕಟ್ಟಿಗೆಯನ್ನು ತಿನ್ನುತ್ತದೆ! ಅದನ್ನು ಅವಳು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಅಯ್ಯೋ ದೇವರೇ, ಎರಡು ಪ್ಯಾಡ್ ಹೊಟ್ಟಾಗಿ ಕಾಲ ಬುಡದಲ್ಲೇ ಬಿದ್ದಿದ್ದವು.

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಸುಮ್ಮನೆ ಮನೆಗೆ ಓಡಿಬಿಡಲೇ ಅನ್ನಿಸಿತು. ಆದರೆ ಖಾಸಿಂಬೀಯ ಬಂಡಿ ಆಗಲೇ ಹೊರಟಿತ್ತು.

"ಖಾಲಾ, ನಿಲ್ರೀ! ಮಾಮಾ ಕದ್ದಿಲ್ಲ. ನನ್ನ ಲೆಕ್ಕಾನ ತಪ್ಪೈತಿ!"

ಬಂಡಿ ನಿಂತಿತು. ಖಾಸಿಂಬೀ ಹುಡುಗಿಯ ಮುಖ ನೋಡಿದಳು, ಶಕೀಲನ ಮುಖ ನೋಡಿದಳು, ಆಮೇಲೆ ಗೊಣಗುತ್ತ ಬಂಡಿ ತಿರುಗಿಸಿದಳು.

ಭಾರತಿ ಆರು ಗೆಳೆಯರಿಗೆ ಆರು ಪ್ಯಾಡ್ ಹಂಚಿದಳು. ಉಳಿದವನು ಗದ್ದೆಪ್ಪ.

"ನಂದೆಲ್ಲೇ?"

"ಇಲ್ಲ."

"ನಿಂದು?"

"ನಂದೂ ಇಲ್ಲ. ಲೆಕ್ಕ ತಪ್ಪೈತಿ ಅಂದ್ನಲ್ಲ."

ಗದ್ದೆಪ್ಪನ ಮುಖ ಅರಳಿತು. ಪ್ಯಾಡ್ ಹೋದರೆ ಹೋಗಲಿ, ಇಂಥ ಸುದ್ದಿ ಮತ್ತೆ ಸಿಗುತ್ತದೆಯೇ? "ಭಾರತಿ ಲೆಕ್ಕ ತಪ್ಪ್ಯಾಳ! ಭಾರತಿ ಲೆಕ್ಕ ತಪ್ಪ್ಯಾಳ!" ಎಂದು ಕುಣಿಯುತ್ತ ಓಣಿಯೊಳಗೆ ನುಗ್ಗಿದ.

"ಏ, ಅವನ ಬಾಯಿ ಮುಚ್ಚಸ್ತೀನಿ ತಡಿ!" ಅನಿಲಕುಮಾರ ಹಿಂದೆ ಓಡಲು ಹೊರಟ.

ಭಾರತಿ ಅವನ ಅಂಗಿ ಹಿಡಿದು ಜಗ್ಗಿದಳು.

"ಬಿಡು, ಕೂಗ್ಲಿ," ಎಂದಳು ಮೆಲ್ಲಗೆ. "ಕಳ್ಳ ಸಾಮಿಲ್ ಅಂತ ಓಣಿ ತುದೀತನಕ ಕೂಗ್ಯಾನಲ್ಲ, ಇದನ್ನೂ ಅಲ್ಲೀತನಕ ಕೂಗಿಬರ್ಲಿ."