ಹನ್ನೆರಡು ಮಿಲಿಗ್ರಾಂ ಬಿಳಿ ಪುಡಿ

ಬುಧವಾರ ಬೆಳಿಗ್ಗೆ 9.40ಕ್ಕೆ ಸಂಶೋಧನಾಲಯದ ಮುಖ್ಯಸ್ಥರು ಏದುಸಿರು ಬಿಡುತ್ತ ಠಾಣೆಗೆ ಬಂದು ದೂರು ಕೊಟ್ಟರು. ಕಳುವಾದದ್ದು ಹನ್ನೆರಡು ಮಿಲಿಗ್ರಾಂ ಬಿಳಿ ಪುಡಿ.

"ಅಷ್ಟೇನಾ? ಒಂದು ಸಲ ಸೀನಿದ್ರೆ ಹಾರಿಹೋಗುತ್ತಲ್ಲ ಸಾರ್!" ಎಂದ ಮುಖ್ಯಪೇದೆ.

ಇನ್‌ಸ್ಪೆಕ್ಟರು ಅವನನ್ನು ಕಣ್ಣಲ್ಲೇ ಗದರಿದರು. ಅದು ಕಡಲ ಸ್ಪಂಜು ಎಂಬ ಜೀವಿಯಲ್ಲಿರುವ, ಕ್ಯಾನ್ಸರ್ ಗೆಡ್ಡೆಯನ್ನು ಕುಗ್ಗಿಸಬಹುದಾದ ವಸ್ತು. ಟನ್‌ಗಟ್ಟಲೆ ಸ್ಪಂಜು ಹಿಂಡಿದರೂ ದಕ್ಕುವುದು ಚಿಟಿಕೆಯಷ್ಟೇ. ಅದನ್ನೇ ಮೂವತ್ತೊಂದು ಹಂತಗಳಲ್ಲಿ ಪ್ರಯೋಗಾಲಯದಲ್ಲಿ ಕಟ್ಟಲು ಹಿರಿಯ ಸಂಶೋಧಕಿಯೊಬ್ಬಳು ಒಂಬತ್ತು ವರ್ಷ ಜೀವ ತೇದಿದ್ದಳು. ಅವಳ ಅಕ್ಕನೇ ಅಂಥ ಗೆಡ್ಡೆಯಿಂದ ಹಾಸಿಗೆ ಹಿಡಿದಿದ್ದಳು. ಹೋದ ವಾರವಷ್ಟೇ ಕೆಲಸ ಕೈಗೂಡಿತ್ತು. ಇಂದು ಪುಡಿ ಹೊರಗಿನ ಪರೀಕ್ಷೆಗೆ ಹೋಗಬೇಕಿತ್ತು. ಅದು ಕಡಲಿನದೋ, ಕೈಯಲ್ಲಿ ಕಟ್ಟಿದ್ದೋ ಎಂಬುದು ಅಲ್ಲಿ ತಿಳಿಯುತ್ತಿತ್ತು.

11.15ಕ್ಕೆ ಎಫ್‌ಐಆರ್ ದಾಖಲಾಯಿತು. 12.30ಕ್ಕೆ ಪ್ರಯೋಗಾಲಯದಲ್ಲಿ ಪಂಚನಾಮೆ. ಪುಡಿ ಇಟ್ಟಿದ್ದ ಫ್ರೀಜರಿನ ಬೀಗ ಸರಿಯಾಗೇ ಇತ್ತು. ಖಾಲಿ ಜಾಗದ ಪಕ್ಕದಲ್ಲೇ ಇನ್ನೊಂದು ಸೀಸೆ.

"ಇದೇನು?" ಎಂದರು ಇನ್‌ಸ್ಪೆಕ್ಟರು.

"ಹೋಲಿಕೆಗೆ ಇಟ್ಟಿರೋದು. ಸ್ಪಂಜಿಂದ ತೆಗೆದ ಅಸಲಿ," ಎಂದಳು ಸಂಶೋಧಕಿ.

"ಕಳ್ಳ ನೀವು ಮಾಡಿದ್ದನ್ನ ಒಯ್ದು ಅಸಲೀನ ಬಿಟ್ಟುಹೋದ್ನಾ? ಇದರಲ್ಲಿ ಎಷ್ಟಿರ್ಬೇಕು?"

"ನಲವತ್ತು ಮಿಲಿಗ್ರಾಂ."

ಪಂಚರ ಎದುರು ತೂಗಿಸಿದರು. ಇಪ್ಪತ್ತೆಂಟೇ ಇತ್ತು.

ಆಮೇಲೆ ಗಾಜಿನ ಪಾತ್ರೆ ತೊಳೆಯುವ ಅಜ್ಜಿಯನ್ನು ಕರೆಸಿದರು.

"ಹೋದ ವಾರ ಕೊನೇ ಹಂತದ ಫ್ಲಾಸ್ಕು ಹೇಗಿತ್ತಜ್ಜಿ?"

"ಯಾವಾಗ್ಲೂ ಇರೋ ಹಾಗೇ ಸಾರ್, ಒಳಗೆಲ್ಲ ಕರೀ ಡಾಂಬರು. ಉಜ್ಜಿ ಉಜ್ಜಿ ಕೈ ಬಿದ್ದುಹೋಯ್ತು. ಅವತ್ತೇ ಗೆದ್ವಿ ಅಂತ ಎಲ್ಲ ಚಪ್ಪಾಳೆ ತಟ್ಟಿದ್ರು. ನಂಗೇನು ಗೊತ್ತಾಗುತ್ತೆ, ನಾನೂ ತಟ್ಟಿದೆ."

ಇನ್‌ಸ್ಪೆಕ್ಟರು ಸಂಶೋಧಕಿಯತ್ತ ತಿರುಗಿದರು.

"ಡಾಂಬರಾದ್ರೆ ಕೆಲಸ ಕೆಟ್ಟಿತು ಅಂತಲ್ವಾ? ಪುಡಿ ಎಲ್ಲಿ?"

"ಸಿಂಕಿಗೆ ಸುರಿದೆ."

3.50ಕ್ಕೆ ಬಂಧನವಾಯಿತು. ಹೇಳಿಕೆ ಒಂದೇ ಪುಟ. ಅಕ್ಕ ದಿನಾ ಆಸ್ಪತ್ರೆಯಿಂದ ಫೋನ್ ಮಾಡಿ "ಮುಗೀತಾ?" ಎಂದು ಕೇಳುತ್ತಿದ್ದಳು. ಒಂದು ದಿನ ಇವಳು ತಡೆಯಲಾರದೆ "ಮುಗೀತು" ಎಂದುಬಿಟ್ಟಳು. ಅಕ್ಕ ಹಿರಿಹಿರಿ ಹಿಗ್ಗಿ ಡಾಕ್ಟರಿಗೆ ಹೇಳಿದಳು. ಡಾಕ್ಟರು ಮುಖ್ಯಸ್ಥರಿಗೆ ಫೋನ್ ಮಾಡಿ ಅಭಿನಂದಿಸಿದರು. ಆಮೇಲೆ ಪುಡಿ ತೋರಿಸದೆ ವಿಧಿಯಿರಲಿಲ್ಲ. ಅಸಲಿಯಿಂದಲೇ ಹನ್ನೆರಡು ಮಿಲಿಗ್ರಾಂ ತೆಗೆದು ತನ್ನದೆಂದಳು. ಹೊರಗಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಭಯಕ್ಕೆ ಅದನ್ನೂ ಸಿಂಕಿಗೆ ಸುರಿದಳು.

ಪಾಪ ಅನ್ನಿಸಿತು ಇನ್‌ಸ್ಪೆಕ್ಟರಿಗೆ. ಒಂದು ಫೋನಿಗೆ ಅನುಮತಿ ಕೊಟ್ಟರು.

"ಅಕ್ಕಾ, ಅದು ಆಗಿಲ್ಲ ಕಣೇ. ನಾನು ಸುಳ್ಳು ಹೇಳಿದ್ದೆ."

ಆಚೆಯಿಂದ ಅಕ್ಕನ ಸಣ್ಣ ದನಿ ಇನ್‌ಸ್ಪೆಕ್ಟರ ಮೇಜಿನವರೆಗೂ ಕೇಳಿಸಿತು:

"ಹೋಗ್ಲಿ ಬಿಡು, ಅಳ್ಬೇಡ. ನಾಳೆ ಮತ್ತೆ ಶುರು ಮಾಡ್ತೀಯಲ್ಲ?"

ಈ ಸಲ ಅವಳು ಸುಳ್ಳು ಹೇಳಲಿಲ್ಲ; ಫೋನನ್ನು ಇನ್‌ಸ್ಪೆಕ್ಟರ ಕೈಗೆ ಕೊಟ್ಟಳು.